ಪರದೆಯ ಪೆಟ್ಟು, ಪೇಢಿಯ ಪೆಟ್ಟು

ಕಳೆದ ಬೇಸಿಗೆಯಲ್ಲಿ ಹುಬ್ಬಳ್ಳಿಯ ಒಂದು ಬಸದಿಯ ಮಕ್ಕಳ ಸಂಸ್ಕಾರ ಶಿಬಿರದಲ್ಲಿ, ಮಧ್ಯಾಹ್ನದ ಪಾಠ ಮುಗಿದ ಮೇಲೆ ಯುವಕರು ಒಂದು ಹಳೆಯ ಕಪ್ಪು-ಬಿಳುಪಿನ ಕಾರ್ಟೂನು ಚಿತ್ರವನ್ನು ತೋರಿಸಿದರು. ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ವಾರದೊಳಗೆ ಟ್ರಸ್ಟಿಗೆ ಆಕ್ಷೇಪಣೆಯ ಪತ್ರ ಬಂತು. ಅಹಿಂಸೆಯನ್ನು ಬೋಧಿಸುವ ಸ್ಥಳದಲ್ಲಿ ಹೊಡೆದಾಟವನ್ನೂ ರೋಗಿಯನ್ನೂ ನಗೆಯ ವಸ್ತುವಾಗಿಸಿದ್ದು ಶ್ರಾವಕಾಚಾರಕ್ಕೆ ವಿರುದ್ಧ, ಇಂಥವನ್ನು ನಿಷೇಧಿಸಬೇಕು ಎಂಬುದು ಅದರ ಸಾರ. ಸಹಿ ಹಾಕಿದವರಲ್ಲಿ ಹೆಚ್ಚಿನವರು ನನ್ನಂತೆಯೇ ವ್ಯಾಪಾರಸ್ಥರು, ನನ್ನ ಮಿತ್ರರು. ನಾನು ಸಹಿ ಹಾಕಲಿಲ್ಲ.

ಚಿತ್ರವನ್ನು ನೋಡದೆ ಸಹಿ ಹಾಕಿದವರಿಗಾಗಿ ಕಥೆಯನ್ನು ಹೇಳಬೇಕಾಗಿದೆ. ಹೆಸರು 'ಹಾಸ್ಪಿಟಲಿಕಿ'. ನ್ಯೂಯಾರ್ಕಿನ ಫ್ಲೈಷರ್ ಸ್ಟುಡಿಯೋ ತಯಾರಿಸಿ 1937ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು. ಆಲಿವ್ ಆಸ್ಪತ್ರೆಯ ದಾದಿ. ಅವಳನ್ನು ಕಾಣಬಂದ ನಾವಿಕ ಪೊಪಾಯ್ ಮತ್ತು ಅವನ ಪ್ರತಿಸ್ಪರ್ಧಿ ಬ್ಲೂಟೊ ಇಬ್ಬರಿಗೂ ರೋಗಿಗಳಾಗದೆ ಒಳಗೆ ಪ್ರವೇಶವಿಲ್ಲ. ಆದ್ದರಿಂದ ಇಬ್ಬರೂ ಗಾಯವನ್ನು ಹುಡುಕಿಕೊಂಡು ಹೊರಡುತ್ತಾರೆ. ಎಷ್ಟು ಯತ್ನಿಸಿದರೂ ಗಾಯವೊಂದೇ ದಕ್ಕದು. ಕೊನೆಗೆ ಪೊಪಾಯ್, ಯಾವಾಗಲೂ ತಾನು ತಿಂದು ಬಲ ಪಡೆಯುವ ಪಾಲಕ ಸೊಪ್ಪನ್ನು ಬ್ಲೂಟೊನ ಬಾಯಿಗೇ ತುರುಕುತ್ತಾನೆ. ಬಲ ಬಂದ ಬ್ಲೂಟೊ ಇವನನ್ನು ಥಳಿಸುತ್ತಾನೆ. ಪಟ್ಟಿ ಸುತ್ತಿಸಿಕೊಂಡ ಪೊಪಾಯ್ ಆಲಿವಳ ಶುಶ್ರೂಷೆಯನ್ನು ಗೆಲ್ಲುತ್ತಾನೆ. ಇಷ್ಟೇ.

ಆಕ್ಷೇಪಣೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಹಾಸ್ಯವನ್ನು ನಮ್ಮವರು ಒಂಬತ್ತು ನೋಕಷಾಯಗಳಲ್ಲಿ ಒಂದೆಂದು ಗಣಿಸಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅನರ್ಥದಂಡವ್ರತದ ಅತಿಚಾರಗಳಲ್ಲಿ ಕೌತ್ಕುಚ್ಯವನ್ನು, ಎಂದರೆ ಅಂಗವಿಕಾರದ ವಿದೂಷಕ ಚೇಷ್ಟೆಯನ್ನು, ಹೆಸರಿಸಿಯೇ ಹೇಳುತ್ತದೆ. ಬಿದ್ದೂ ಎದ್ದೂ ನಗಿಸುವ ಈ ಬಗೆಯ ಚಿತ್ರಕ್ಕೆ ಅದಕ್ಕಿಂತ ಸರಿಯಾದ ಪದ ನನಗೆ ತಿಳಿಯದು. ಪತ್ರ ಬರೆದವರು ಶಾಸ್ತ್ರವನ್ನು ಸರಿಯಾಗಿಯೇ ಓದಿದ್ದಾರೆ. ಆದರೆ ಅದೇ ಅಧ್ಯಾಯದಲ್ಲಿ ಕೆಲವೇ ಸೂತ್ರಗಳ ಹಿಂದೆ ಅಹಿಂಸಾಣುವ್ರತದ ಅತಿಚಾರಗಳಿವೆ. ಅವುಗಳಲ್ಲಿ ಎರಡು: ಅತಿಭಾರಾರೋಪಣ, ಅನ್ನಪಾನನಿರೋಧ. ಹೊರಲಾಗದ ಭಾರ ಹೊರಿಸುವುದು, ಅನ್ನಕ್ಕೆ ಕಲ್ಲು ಹಾಕುವುದು. ಆ ಪುಟವನ್ನು ಅವರು ಏಕೆ ದಾಟಿಬಂದರು?

ಪರದೆಯ ಮೇಲೆ ಪೆಟ್ಟು ತಿಂದದ್ದು ಶಾಯಿಯ ಗೆರೆ. ಆ ಗೆರೆಯನ್ನು ಎಳೆದ ಕೈಗಳ ಕಥೆ ಬೇರೆ. ಸಿನೆಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು. ಆರು ನಿಮಿಷಕ್ಕೆ 8,640. ಒಂದೇ ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಬಳಸಿದರೂ ಸಾವಿರಾರು ಚಿತ್ರಗಳನ್ನು ಯಾರೋ ಮೇಜಿಗೆ ಬಾಗಿ ಬರೆಯಲೇಬೇಕು. ಆ ಸ್ಟುಡಿಯೋದ ಯುವ ಕಲಾವಿದನೊಬ್ಬ ಇದಕ್ಕೂ ಮುನ್ನವೇ ಕ್ಷಯದಿಂದ ತೀರಿಕೊಂಡಿದ್ದ; ಕೆಲಸದ ಕೋಣೆಗಳ ಸ್ಥಿತಿಯೇ ಅದಕ್ಕೆ ಕಾರಣವೆಂದು ಸಹೋದ್ಯೋಗಿಗಳು ದೂರಿದರು. ಆಸ್ಪತ್ರೆಯ ಈ ನಗೆಚಿತ್ರ ಬಿಡುಗಡೆಯಾದ ಮರುತಿಂಗಳೇ, 1937ರ ಮೇ ತಿಂಗಳಲ್ಲಿ, ಕಡಿಮೆ ಕೂಲಿ ಮತ್ತು ದೀರ್ಘ ದುಡಿಮೆಯ ವಿರುದ್ಧ ಅಲ್ಲಿಯ ಕಲಾವಿದರು ಬೀದಿಗಿಳಿದರು. ಕಾರ್ಟೂನು ಉದ್ಯಮದ ಮೊದಲ ದೊಡ್ಡ ಮುಷ್ಕರವದು. ಐದು ತಿಂಗಳು ನಡೆಯಿತು. ಮಾಲೀಕರು ಸಂಘವನ್ನು ಒಪ್ಪಿದರು, ಕೂಲಿ ಏರಿತು. ಮರುವರ್ಷ ಸ್ಟುಡಿಯೋವೇ ನ್ಯೂಯಾರ್ಕನ್ನು ಬಿಟ್ಟು ಮಯಾಮಿಗೆ ಹೊರಟುಹೋಯಿತು. (ಕಾರ್ಮಿಕರು ಸಂಘಟಿತರಾದ ಕೂಡಲೆ ಊರು ಬದಲಿಸುವ ಉಪಾಯ ನಮ್ಮ ವರ್ತಕರಿಗೂ ಅಪರಿಚಿತವಲ್ಲ.) ಈ ಚಿತ್ರದಲ್ಲಿ ಹಿಂಸೆಯನ್ನು ಹುಡುಕುವವರು ಆ ಮೇಜುಗಳ ಬಳಿಗೆ ಹೋಗಬೇಕಿತ್ತು.

ಶಿಬಿರದಲ್ಲಿ ಚಿತ್ರ ಮುಗಿದಾಗ ಎಂಟು ವರ್ಷದ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: "ಅಜ್ಜಾ, ದವಾಖಾನಿಗೆ ಹೋಗಬೇಕಂತ ಯಾರರೆ ತಾವಾಗೇ ಬೀಳ್ತಾರೇನ್ರಿ?" ನಗೆಯ ಗುಟ್ಟನ್ನು ಮಗು ಹಿಡಿದಿತ್ತು. ಯಾರೂ ಹಾಗೆ ಬೀಳುವುದಿಲ್ಲವೆಂಬುದರಿಂದಲೇ ಅದು ನಗೆ. ಗಾಯವನ್ನು ಕಂಡು ಮಕ್ಕಳು ನಕ್ಕರೆಂಬ ಮಾತು ಸುಳ್ಳು; ಗಾಯ ಸಿಕ್ಕದೆ ಪರದಾಡುವ ಮೂರ್ಖರನ್ನು ಕಂಡು ನಕ್ಕರು.

ನನಗೆ ಮಾತ್ರ ಆ ಪ್ರಶ್ನೆಗೆ ಕೂಡಲೆ ಉತ್ತರ ಹೊಳೆಯಲಿಲ್ಲ. 1988ರಲ್ಲಿ ನಾನು ಬಿ.ಕಾಂ. ಮುಗಿಸಿ ತಂದೆಯವರ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಗೋದಾಮಿನ ಹಮಾಲನೊಬ್ಬ ಮೂರು ದಿನ ಜ್ವರವನ್ನು ಮುಚ್ಚಿಟ್ಟು ಗಂಟು ಹೊತ್ತ. ನಾಲ್ಕನೆಯ ದಿನ ಮೆಟ್ಟಿಲ ಮೇಲೆ ಕುಸಿದ. ಆರು ದಿನ ಆಸ್ಪತ್ರೆಯಲ್ಲಿದ್ದ. ಆ ಆರು ದಿನಗಳನ್ನು ಗೈರುಹಾಜರಿ ಎಂದು ಬರೆದು ಕೂಲಿ ಕಡಿದವನು ನಾನೇ. ಖಾತೆ ಪೈಸೆಗೆ ಪೈಸೆ ಸರಿಯಾಗಿತ್ತು. ಅದೇ ತಿಂಗಳು ಬಸದಿಯಲ್ಲಿ ಔಷಧದಾನದ ಬಾಬ್ತು ನಮ್ಮ ಮನೆತನದ ಹೆಸರನ್ನು ಓದಿದರು. ಪೊಪಾಯ್ ಆಸ್ಪತ್ರೆಗೆ ಸೇರಲು ಗಾಯವನ್ನು ಹುಡುಕಿದ. ನಮ್ಮ ಹಮಾಲ ಆಸ್ಪತ್ರೆಗೆ ಸೇರಬಾರದೆಂದು ರೋಗವನ್ನು ಬಚ್ಚಿಟ್ಟ. ಇವೆರಡರಲ್ಲಿ ಯಾವುದನ್ನು ನಿಷೇಧಿಸಬೇಕು?

ಕಾನೂನಿಲ್ಲವೆಂದೇನೂ ಅಲ್ಲ. 1948ರ ಇ.ಎಸ್.ಐ. ಕಾಯ್ದೆಯಿಂದ ಬಂದ ವ್ಯವಸ್ಥೆಯಲ್ಲಿ ರೋಗಿಯಾದ ಕಾರ್ಮಿಕನಿಗೆ ಕೂಲಿಯ ಶೇಕಡಾ 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದೆ. ಮಾಲೀಕನ ವಂತಿಗೆ ಶೇಕಡಾ 3.25 ಮಾತ್ರ. ಆ ವಂತಿಗೆಯನ್ನು ಉಳಿಸಲೆಂದು ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು ಬರೆಯುವ ಅಂಗಡಿಗಳನ್ನು ನಾನು ಬಲ್ಲೆ, ಓದುಗರೂ ಬಲ್ಲರು. ಹತ್ತನೆಯವನು ನಿಂತಿರುತ್ತಾನೆ, ಹೆಸರು ಮಾತ್ರ ಇರುವುದಿಲ್ಲ. ಇದು ಪರಿಗ್ರಹದ ಲೋಭವೂ ಹೌದು, ಅಸತ್ಯವೂ ಹೌದು.

ಟ್ರಸ್ಟುಗಳನ್ನೂ ಬಿಡುವಂತಿಲ್ಲ. ಬೆಳಗಿನ ಅಭಿಷೇಕಕ್ಕೆ ನೀರು ಹೊರುವ ಉಪಾಧ್ಯೆಯವರಿಗೆ, ಪರ್ವದ ಮರುದಿನ ಅಂಗಳ ಗುಡಿಸುವ ಹೆಂಗಸಿಗೆ ಕಾಯಿಲೆಯ ರಜೆಯುಂಟೆ? ಸಂಬಳ ಕಡಿಯದೆ? ನಾನು ಮೂರು ಟ್ರಸ್ಟುಗಳ ಪದಾಧಿಕಾರಿಗಳನ್ನು ಕೇಳಿದೆ. ಇಬ್ಬರು, ನೋಡಿ ಹೇಳುತ್ತೇವೆ ಎಂದರು. ಮೂರನೆಯವರು ಮಾತನ್ನು ಪಂಚಕಲ್ಯಾಣದ ಖರ್ಚಿನತ್ತ ತಿರುಗಿಸಿದರು.

ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಕಾರ್ಟೂನು ಚಿತ್ರದ ನಿಷೇಧ ನಾಲ್ಕನೆಯದು. ಅದಕ್ಕೂ ಮೊದಲು, ಮೂರನೆಯದಾಗಿ, ಬಸದಿಯ ನೌಕರರ ಕಾಯಿಲೆಯ ರಜೆಯನ್ನು ಸೇರಿಸಬೇಕೆಂದು ಕಾರ್ಯದರ್ಶಿಗಳಿಗೆ ಬರೆದು ಕೊಟ್ಟಿದ್ದೇನೆ. ಪತ್ರಕ್ಕೆ ಸಹಿ ಹಾಕಿದ ಮಿತ್ರರೆಲ್ಲರೂ ಅಂದು ತಪ್ಪದೆ ಬರಬೇಕು.