ಒಂಟೆಯ ಮಾಂಸ ಮತ್ತು ರೇಸ್‌ಕೋರ್ಸಿನ ದಾನ

ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿ ಮಂಡ್ಯ ದಾಟಿದೊಡನೆ ಯಲಿಯೂರು. ಈ ಕಬ್ಬಿನ ಸೀಮೆಯ ಒಂದು ಬದಿಗೆ ಬೆಂಗಳೂರು ಟರ್ಫ್ ಕ್ಲಬ್, ಇನ್ನೊಂದು ಬದಿಗೆ ಮೈಸೂರು ರೇಸ್ ಕ್ಲಬ್. ಎರಡೂ ಬೆಳಿಗ್ಗೆ ಹೋಗಿ ಇರುಳೊಳಗೆ ಮರಳಬಹುದಾದ ದೂರದಲ್ಲಿವೆ. ಕಬ್ಬಿನ ಬಿಲ್ಲು ಕೈಸೇರಿದ ವಾರ ಮಗ ಎಲ್ಲಿಗೆ ಹೊರಟನೆಂದು ತಾಯಿ ಕಳವಳಪಡುವ ಮನೆಗಳು ನಮ್ಮ ಸಮುದಾಯದಲ್ಲಿಯೂ ಇವೆ.

2024ರ ಜೂನ್‌ನಲ್ಲಿ ರಾಜ್ಯ ಸರಕಾರವು ಬೆಂಗಳೂರಿನ ರೇಸಿಗೆ ಪರವಾನಗಿ ನಿರಾಕರಿಸಿದಾಗ, ಇದು ಸಾವಿರಾರು ಜನರ ಅನ್ನದ ಪ್ರಶ್ನೆಯೆಂಬ ಕೂಗೆದ್ದಿತು. ಸಾಯೀಸರು, ಜಾಕಿಗಳು, ತರಬೇತುದಾರರು, ಸರಕಾರಕ್ಕೆ ಸಲ್ಲುವ ತೆರಿಗೆ, ಸಮಾಜಕ್ಕೆ ಬರುವ ದಾನ. ಈ ಪಟ್ಟಿಯನ್ನು ಈಗ ನಮ್ಮವರೇ ಒಪ್ಪಿಸತೊಡಗಿದ್ದಾರೆ. ಆದ್ದರಿಂದ ಉತ್ತರಿಸುವುದು ಅನಿವಾರ್ಯವಾಗಿದೆ.

ಮೊದಲಿಗೆ, ಕುದುರೆಯ ಮೇಲೆ ನಮಗೆ ಮುನಿಸಿಲ್ಲ. ಓಡುವ ಕುದುರೆಗಳ ಮೇಲೆ ಆಣೆಯಿಟ್ಟು ಆರಂಭವಾಗುವ ಅಧ್ಯಾಯವೇ ಕುರ್‌ಆನಿನಲ್ಲಿದೆ. ಪ್ರವಾದಿವರ್ಯರು(ಸ) ಮದೀನದಲ್ಲಿ ಸ್ವತಃ ಕುದುರೆ ಓಟ ಏರ್ಪಡಿಸಿದ್ದರು. ಪಳಗಿದ ಕುದುರೆಗಳಿಗೆ ದೀರ್ಘ ಹಾದಿ, ಪಳಗದವಕ್ಕೆ ಕಿರಿದು ಎಂಬ ವಿವರವೂ ಬುಖಾರಿಯಲ್ಲಿದೆ. ಟಿಪ್ಪು ಸುಲ್ತಾನರು ಕುಣಿಗಲ್‌ನಲ್ಲಿ ಸೇನೆಗಾಗಿ ಕುದುರೆ ಸಾಕಿಸಿದರು. ಓಟದಲ್ಲಿ ಭಾಗವಹಿಸದ ಮೂರನೆಯವನು ಗೆದ್ದವನಿಗೆ ಬಹುಮಾನ ಕೊಡುವುದನ್ನು ಫಿಕ್ಹ್ ವಿದ್ವಾಂಸರು ಅನುಮತಿಸಿದ್ದಾರೆ. ಒಬ್ಬನ ಗೆಲುವು ಇನ್ನೊಬ್ಬನ ಕಿಸೆಯಿಂದಲೇ ಬರುವ ಪಣವನ್ನು ಅವರು ಜೂಜೆಂದರು. ಇಂದಿನ ರೇಸ್‌ಕೋರ್ಸ್ ನಿಂತಿರುವುದು ಈ ಎರಡನೆಯದರ ಮೇಲೆ.

ಇನ್ನು ದಾನದ ಮಾತು. ಇದು ಹೊಸ ವಾದವೆಂದು ಹೇಳುವವರು ಅಜ್ಞಾನ ಕಾಲದ ಅರಬರನ್ನು ಓದಿಲ್ಲ. ಅವರ 'ಮೈಸಿರ್' ಹೇಗಿತ್ತು? ಒಂಟೆಯನ್ನು ಕೊಯ್ದು ಪಾಲು ಮಾಡಿ, ಬಾಣಗಳನ್ನು ಎತ್ತಿ ಅದೃಷ್ಟ ನೋಡುತ್ತಿದ್ದರು. ಸೋತವರು ಒಂಟೆಯ ಬೆಲೆ ತೆರುತ್ತಿದ್ದರು. ಗೆದ್ದವರು ಮಾಂಸವನ್ನು ತಾವು ತಿನ್ನದೆ ಬಡವರಿಗೆ ಹಂಚಿ ಅದನ್ನೇ ಹಿರಿಮೆಯೆಂದು ಬಗೆಯುತ್ತಿದ್ದರೆಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ಬರಗಾಲದಲ್ಲಿ ಹಸಿದವರ ಹೊಟ್ಟೆ ತುಂಬಿಸಿದ ಜೂಜು ಅದು! ಅಲ್ಬಕರ ಅಧ್ಯಾಯವು ಅದರಲ್ಲಿ ಪ್ರಯೋಜನವಿದೆಯೆಂದು ಒಪ್ಪಿಕೊಂಡೇ, ಕೇಡು ಅದಕ್ಕಿಂತ ದೊಡ್ಡದೆಂದಿತು. ಬಳಿಕ ಅಲ್‌ಮಾಇದ ಅಧ್ಯಾಯದಲ್ಲಿ ಪೂರ್ಣ ನಿಷೇಧ ಬಂತು. ಅಂದರೆ ಕ್ಲಬ್ಬಿನ ಸಮಾಜಸೇವೆಯ ವಾದವನ್ನು ಕುರ್‌ಆನ್ ಹದಿನಾಲ್ಕು ಶತಮಾನಗಳ ಹಿಂದೆಯೇ ಆಲಿಸಿ ತೀರ್ಪಿತ್ತಿದೆ.

ರೇಸು ಅದೃಷ್ಟದಾಟವಲ್ಲ, ಕೌಶಲದಾಟವೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೌದು, ಹೇಳಿದೆ. ಶಿಕ್ಷೆಗೆ ಅರ್ಹವೇ ಎಂಬುದು ನ್ಯಾಯಾಲಯದ ಪ್ರಶ್ನೆ, ಹಲಾಲೇ ಎಂಬುದು ನಮ್ಮದು. ಕೌಶಲ ಜಾಕಿಯದು, ಬಲ ಕುದುರೆಯದು. ಕಟಕಟೆಯ ಹೊರಗೆ ಚೀಟಿ ಹಿಡಿದು ನಿಂತವನದು ಏನು? ಟೋಟಿನ ಲೆಕ್ಕವನ್ನಾದರೂ ನೋಡಿರಿ. ಎಲ್ಲರ ಹಣ ಒಂದೆಡೆ ಸೇರುತ್ತದೆ, ಕ್ಲಬ್ಬಿನ ಪಾಲು ಮತ್ತು ತೆರಿಗೆ ಮೊದಲು ಕಳೆಯುತ್ತದೆ, ಉಳಿದುದು ಗೆದ್ದವರಿಗೆ. 2023ರ ಅಕ್ಟೋಬರ್‌ನಿಂದ ಬಾಜಿಯ ಪೂರ್ಣ ಮೊತ್ತದ ಮೇಲೆ ಶೇಕಡಾ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್‌ನಲ್ಲಿ ಅದು 40 ಆಯಿತು. ಬಾಜಿ ಕಟ್ಟಿದವರೆಲ್ಲರನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಅವರು ಓಟ ಶುರುವಾಗುವ ಮೊದಲೇ ಸೋತಿರುತ್ತಾರೆ.

ಸಮಾಜಕ್ಕೆ ಕೊಡುವ ಮಾತಾಡುವವರು ಸಮಾಜದಿಂದ ಪಡೆದುದನ್ನೂ ಹೇಳಬೇಕು. ಬೆಂಗಳೂರಿನ ನಡುಮಧ್ಯೆ ಸುಮಾರು 85 ಎಕರೆ ಸರಕಾರಿ ಭೂಮಿ. ಗುತ್ತಿಗೆಯ ಅವಧಿ 2009ರ ಕೊನೆಗೆ ಮುಗಿದ ಮೇಲೂ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಬೆಳೆಯಿತು.

ಲಾಯ ಗುಡಿಸಿ, ಲಾಳ ಕಟ್ಟಿ ಬದುಕುವ ಬಡವರ ಮೇಲೆ ನಮ್ಮ ಆಕ್ಷೇಪವಿಲ್ಲ. ಅವರ ಬೆವರನ್ನು ಗುರಾಣಿಯಾಗಿ ಹಿಡಿದವರ ಮೇಲಿದೆ. ಅದಕ್ಕಿಂತ ಹೆಚ್ಚಾಗಿ, ಬಾಜಿಯಲ್ಲಿ ಗೆದ್ದ ಹಣದಿಂದ ಮದ್ರಸಕ್ಕೆ ಫ್ಯಾನು, ಮಸೀದಿಗೆ ಚಾಪೆ ಕೊಡಲು ಬಂದವನಿಗೆ ನಗುನಗುತ್ತಾ ರಸೀದಿ ಹರಿದುಕೊಡುವ ನಮ್ಮ ಜಮಾಅತ್ ಕಮಿಟಿಗಳ ಮೇಲಿದೆ. ಅಲ್ಲಾಹನು ಪರಿಶುದ್ಧನು, ಪರಿಶುದ್ಧವಾದುದನ್ನೇ ಸ್ವೀಕರಿಸುವನೆಂದು ಮಕ್ಕಳಿಗೆ ನಾವೇ ಪಾಠ ಹೇಳುತ್ತೇವೆ. ಆ ಪಾಠ ಅದೇ ಫ್ಯಾನಿನ ಕೆಳಗೆ ನಡೆಯಬೇಕೇ? ಕಮಿಟಿಯವರು ಆ ಹಣವನ್ನು ಮರಳಿಸಲಿ. ಸೋತವನ ಮನೆಯಲ್ಲಿ ಒತ್ತೆಯಿಟ್ಟ ಒಡವೆ ಬಿಡಿಸಿಕೊಳ್ಳಲಾಗದೆ ಕುಳಿತ ಹೆಣ್ಣುಮಗಳನ್ನು ವಿಚಾರಿಸಲಿ. ಕಬ್ಬಿನ ಬಿಲ್ಲು ಬರುವ ತಿಂಗಳಲ್ಲಿ ಒಂದು ಜುಮಾ ಖುತ್ಬಾವನ್ನಾದರೂ ಈ ವಿಷಯಕ್ಕೆ ಮೀಸಲಿಡಲಿ.