ಪಡಸಾಲೆಯ ನಾಟ್ಯಮಂಟಪ

ಈಚಿನ ಟೆಲಿವಿಷನ್ನುಗಳು ಅಗಲದಲ್ಲಿ ಬೆಳೆಬೆಳೆದು ಗೋಡೆಯ ಅರ್ಧವನ್ನು ಆಕ್ರಮಿಸುವಷ್ಟಾಗಿಯೂ ದಪ್ಪದಲ್ಲಿ ಸವೆಸವೆದು ಎರಡು ಬೆರಳಿನಷ್ಟು ತೆಳುವಾಗಿಯೂ ಇರುವುದನ್ನು ನಾವೆಲ್ಲರೂ ಕಾಣುತ್ತಿದ್ದೇವೆ. ಆದರೆ ಶಬ್ದವೆಂಬುದು ಗಾಳಿಯ ಚಲನೆ. ಗಾಳಿಯನ್ನು ಕದಲಿಸಬೇಕಾದರೆ ಸಾಕಷ್ಟು ವಿಸ್ತಾರವುಳ್ಳ ಒಂದು ಪೊರೆಯೂ ಆ ಪೊರೆಯ ಬೆನ್ನಿಗೆ ಸಾಕಷ್ಟು ಅವಕಾಶವೂ ಇರಬೇಕು. ಅವೆರಡಕ್ಕೂ ಎಡೆಗೊಡದ ಈ ತೆಳುಪೆಟ್ಟಿಗೆಗಳು ತಮ್ಮ ಪುಟ್ಟ ಸ್ಪೀಕರುಗಳನ್ನು ಕೆಳಕ್ಕೋ ಹಿಂದಣ ಗೋಡೆಯ ಕಡೆಗೋ ತಿರುಗಿಸಿಕೊಂಡು, ನೋಡುವವರ ಕಡೆಗೆ ಚಿತ್ರವನ್ನೂ ಗೋಡೆಯ ಕಡೆಗೆ ಮಾತನ್ನೂ ಕಳುಹಿಸುತ್ತಿವೆ. ಇದರ ಫಲವನ್ನು ಅನುಭವಿಸದ ಮನೆ ವಿರಳ: ನಾಯಕಿಯ ಮಾತು ಕೇಳಿಸದೆಂದು ಧ್ವನಿಯನ್ನು ಏರಿಸುವುದು, ಮರುಕ್ಷಣವೇ ಹೊಡೆದಾಟದ ದೃಶ್ಯ ಬಂದು ಮಲಗಿದ್ದ ಕೂಸು ಬೆಚ್ಚಿಬೀಳಲು ಅವಸರದಿಂದ ಇಳಿಸುವುದು, ಕಡೆಗೆ ತಾಯ್ನುಡಿಯ ಚಿತ್ರಕ್ಕೂ ಅಡಿಬರಹವನ್ನು ಓದುತ್ತ ಕೂರುವುದು.

ಈ ಸಂಕಟದಿಂದ ಪಾರಾಗಲೆಂದು ಸಂಬಳದಲ್ಲಿ ಉಳಿಸಿದ ಹಣವನ್ನು, ಸುಮಾರು 20,000 ರೂಪಾಯಿ ಎಂದಿಟ್ಟುಕೊಳ್ಳೋಣ, ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋದ ಗೃಹಸ್ಥನ ಮುಂದೆ ಮೊದಲು ಬಂದು ನಿಲ್ಲುವುದು ‘ಹೋಮ್ ಥಿಯೇಟರ್’ ಎಂಬ ಹೆಸರಿನ ದೊಡ್ಡ ರಟ್ಟಿನ ಪೆಟ್ಟಿಗೆ. ಅಂಗೈಯಗಲದ ಐದು ಸ್ಪೀಕರುಗಳು, ಆಳವಾದ ಮಂದ್ರಕ್ಕೆಂದೇ ಇರುವ ಒಂದು ಸಬ್‌ವೂಫರ್, ಅವುಗಳಿಗೆ ದಾರದಂಥ ತಂತಿಗಳು, ಮೇಲೆ ಸಾವಿರಗಟ್ಟಲೆ ವಾಟುಗಳ ಘೋಷಣೆ. ಆರು ವಸ್ತುಗಳಿಗೆ ಹಂಚಿಹೋದ ಹಣದಲ್ಲಿ ಯಾವುದೊಂದೂ ತನ್ನ ಕೆಲಸವನ್ನು ನೆಟ್ಟಗೆ ಮಾಡುವಷ್ಟು ಉಳಿದಿರುವುದಿಲ್ಲ. ಅಲ್ಪಧನದಲ್ಲಿ ಮನೆಯೊಳಗೆ ರಂಗಭೂಮಿಯ ನಾದವನ್ನು ನೆಲೆಗೊಳಿಸಬಯಸುವವನು ಹಣವನ್ನು ಎರಡೇ ಎರಡು ಒಳ್ಳೆಯ ಸ್ಪೀಕರುಗಳ ಮೇಲೂ, ಶ್ರಮವನ್ನು ತನ್ನ ಕೊಠಡಿಯ ಮೇಲೂ ವ್ಯಯಮಾಡತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇವೆರಡರಲ್ಲಿ ಕೊಠಡಿಯನ್ನು ಮೊದಲು ಎತ್ತಿಕೊಳ್ಳುವುದಕ್ಕೆ ನಮ್ಮ ಪ್ರಾಚೀನರ ಸಮ್ಮತಿಯೂ ಉಂಟು. ಭರತನ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವು ಪ್ರೇಕ್ಷಾಗೃಹದ ಲಕ್ಷಣಕ್ಕೇ ಮೀಸಲಾದುದು. ಮೂರು ಆಕಾರಗಳನ್ನೂ ಮೂರು ಪ್ರಮಾಣಗಳನ್ನೂ ವಿವರಿಸಿದ ಮೇಲೆ ಮನುಷ್ಯರಿಗೆ ತಕ್ಕುದು 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮ ಮಂಟಪವೇ ಎಂದು ನಿರ್ಣಯಿಸುವಾಗ ಆತನು ಕೊಡುವ ಕಾರಣವು ಇಂದಿನ ಶಬ್ದಶಾಸ್ತ್ರಜ್ಞನು ಕೊಡುವ ಕಾರಣವೇ ಆಗಿದೆ: ಅದಕ್ಕಿಂತ ದೊಡ್ಡದಾದಲ್ಲಿ ಪಾಠ್ಯವು ವಿಸ್ವರವಾಗಿ ಅಸ್ಫುಟವಾಗುವುದು, ಮುಖದ ಭಾವವೂ ಕಾಣದೆ ಹೋಗುವುದು. ಮಂಟಪವು ಪರ್ವತದ ಗುಹೆಯ ಆಕಾರದಲ್ಲಿದ್ದು, ಕಿಟಕಿಗಳು ಕಿರಿದಾಗಿ, ಗಾಳಿಯ ಸಂಚಾರವಿಲ್ಲದೆ, ವಾದ್ಯವೃಂದದ ಸ್ವರವು ಗಂಭೀರವಾಗಿ ನಿಲ್ಲುವಂತಿರಬೇಕೆಂದೂ ಅಲ್ಲಿಯೇ ವಿಧಿಸಿದೆ. ನಾಟ್ಯಕ್ಕೆ ಮೊದಲು ನಾಟ್ಯಗೃಹವನ್ನು ಚಿಂತಿಸಿದ ಈ ಕ್ರಮ ಎಂದಿಗೂ ಹಳತಾಗತಕ್ಕದ್ದಲ್ಲ.

ಪಶ್ಚಿಮದಲ್ಲಿ ಈ ವಿಚಾರಕ್ಕೆ ಗಣಿತದ ಅಡಿಪಾಯ ಬಿದ್ದುದು 1895ರಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿ ಹೊಸದಾಗಿ ಕಟ್ಟಿದ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಮೀರಿ ಅನುರಣಿಸುತ್ತ, ಒಂದು ಪದವು ಮುಗಿಯುವುದರೊಳಗೆ ಮುಂದಿನ ಹತ್ತು ಪದಗಳು ಅದರ ಮೇಲೆ ಬಿದ್ದು ಎಲ್ಲವೂ ಕಲಸಿಹೋಗುತ್ತಿದ್ದುದರಿಂದ, ಅದನ್ನು ಸರಿಪಡಿಸುವ ಹೊಣೆ ವಾಲೆಸ್ ಸೆಬೈನ್ ಎಂಬ ತರುಣ ಭೌತಶಾಸ್ತ್ರಜ್ಞನ ಹೆಗಲಿಗೆ ಬಿತ್ತು. ಆತನ ಉಪಕರಣಗಳು ಒಂದು ಆರ್ಗನ್ ಕೊಳವೆ, ಒಂದು ಕಾಲಮಾಪಕ ಮತ್ತು ತನ್ನ ಕಿವಿ. ಊರೆಲ್ಲ ನಿದ್ರಿಸುವ ಹೊತ್ತಿನಲ್ಲಿ, ಸಮೀಪದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು, ಸ್ವಲ್ಪಸ್ವಲ್ಪವಾಗಿ ಹರಡುತ್ತ, ಪ್ರತಿ ಸಲವೂ ಕೊಳವೆಯ ನಾದವು ಅಡಗಲು ಹಿಡಿಯುವ ಕಾಲವನ್ನು ಅಳೆಯುತ್ತ ಹೋದನು. ಎಲ್ಲ ಮೆತ್ತೆಗಳೂ ಬಂದು ಸೇರಿದಾಗ ಆ ಕಾಲವು ಸುಮಾರು ಒಂದು ಸೆಕೆಂಡಿಗೆ ಇಳಿದಿತ್ತು. ಕೊಠಡಿಯ ಘನ ಅಳತೆ ಹೆಚ್ಚಿದಷ್ಟೂ ಅನುರಣನವು ಹೆಚ್ಚುವುದು, ಒಳಗಿನ ವಸ್ತುಗಳು ಶಬ್ದವನ್ನು ಹೀರಿದಷ್ಟೂ ಅದು ಕುಗ್ಗುವುದು ಎಂಬ ಸರಳ ಸೂತ್ರವು ಹೀಗೆ ಹುಟ್ಟಿತು. ಹೀರಿಕೆಗೆ ಆತನು ಆರಿಸಿಕೊಂಡ ಅಳತೆಗೋಲು ತೆರೆದ ಕಿಟಕಿ. ಏಕೆಂದರೆ ಕಿಟಕಿಯಿಂದ ಹೊರಬಿದ್ದ ಶಬ್ದವು ಹಿಂದಿರುಗುವುದೇ ಇಲ್ಲ. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಈ ಸೂತ್ರದ ಆಧಾರದಿಂದ ರಚಿತವಾದುದು. ಜಗತ್ತಿನ ಅತ್ಯುತ್ತಮ ಸಂಗೀತಮಂದಿರಗಳಲ್ಲಿ ಒಂದೆಂದು ಇಂದಿಗೂ ಅದಕ್ಕೆ ಖ್ಯಾತಿಯಿದೆ.

ಈ ಸೂತ್ರವನ್ನು ನಮ್ಮ ಪಡಸಾಲೆಗೆ ಅನ್ವಯಿಸಿ ನೋಡಿದರೆ ಮನಸ್ಸಿಗೆ ಖೇದವಾಗುತ್ತದೆ. 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೊಠಡಿ. ಹೊಳೆಯುವ ಟೈಲ್ಸ್ ನೆಲ, ನುಣ್ಣಗೆ ಬಣ್ಣ ಬಳಿದ ಗಾರೆಗೋಡೆ, ಕಾಂಕ್ರೀಟಿನ ತಾರಸಿ. ಇವು ತಮ್ಮ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಎರಡು ಮೂರು ಪಾಲನ್ನು ಮಾತ್ರ ಹೀರಿ ಉಳಿದುದನ್ನೆಲ್ಲ ಹಿಂದಕ್ಕೆ ಎಸೆಯುವುದರಿಂದ, ಬರಿದಾದ ಅಂಥ ಕೊಠಡಿಯ ಅನುರಣನ ಲೆಕ್ಕದಲ್ಲಿ ಮೂರು ಸೆಕೆಂಡನ್ನೂ ಮೀರುತ್ತದೆ. ಮಾತು ಸ್ಫುಟವಾಗಿ ಕೇಳಬೇಕಾದರೆ ಅದು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿರಬೇಕು. ಇಂಥ ಕೊಠಡಿಯಲ್ಲಿ ಲಕ್ಷ ರೂಪಾಯಿಯ ಸ್ಪೀಕರನ್ನು ತಂದಿಟ್ಟರೂ ಕೇಳುವುದು ಗೋಡೆಗಳ ಮಾತೇ. ಬಿಜಾಪುರದ ಗೋಲಗುಮ್ಮಟದಲ್ಲಿ ಒಂದು ಚಪ್ಪಾಳೆಯು ಮತ್ತೆ ಮತ್ತೆ ಮೊಳಗುವುದನ್ನು ಕೇಳಿ ನಾವು ಬೆರಗಾಗುತ್ತೇವೆ. ಆದರೆ ಅಲ್ಲಿ ಕುಳಿತು ಒಂದು ನಾಟಕವನ್ನು ಕೇಳಲು ಯಾರೂ ಬಯಸಲಾರರು. ಪರಿಹಾರವು ಮನೆಯ ಬೀರುವಿನಲ್ಲಿಯೇ ಇದೆ. ಸ್ಪೀಕರಿಗೂ ಆಸನಕ್ಕೂ ನಡುವಣ ನೆಲದ ಮೇಲೆ ದಪ್ಪನೆಯ ಜಮಖಾನ, ನೆರಿಗೆ ತುಂಬಿದ ಭಾರವಾದ ಪರದೆಗಳು, ಹಿಂದಣ ಗೋಡೆಗೆ ಪುಸ್ತಕಗಳ ಕಪಾಟು, ಬಟ್ಟೆಯ ಹೊದಿಕೆಯ ಸೋಫಾ. ಅತಿಥಿಗಳಿಗೆಂದು ಸುತ್ತಿಟ್ಟ ಹತ್ತಿಯ ಹಾಸಿಗೆಯನ್ನು ಮೂಲೆಯಲ್ಲಿ ನಿಲ್ಲಿಸಿದರಂತೂ, ತೆಳುವಾದ ಬಟ್ಟೆಗೆ ಹಿಡಿಯಲಾಗದ ತಗ್ಗಿನ ಸ್ವರಗಳನ್ನೂ ಅದು ಒಂದಷ್ಟು ಹಿಡಿಯುತ್ತದೆ. ಮೊಟ್ಟೆಯ ತಟ್ಟೆಗಳನ್ನು ಗೋಡೆಗೆ ಅಂಟಿಸುವ ರೂಢಿಯಿಂದ ಮಾತ್ರ ಧೂಳಲ್ಲದೆ ಬೇರೆ ಲಾಭವಿಲ್ಲ. ಪಕ್ಕದ ಗೋಡೆಯಲ್ಲಿ ಪರದೆ ಎಲ್ಲಿ ಬೇಕೆಂಬುದನ್ನು ಒಂದು ಕನ್ನಡಿಯೇ ಹೇಳುತ್ತದೆ: ನಾವು ಆಸನದಲ್ಲಿ ಕುಳಿತು, ಮತ್ತೊಬ್ಬರು ಕನ್ನಡಿಯನ್ನು ಗೋಡೆಗೆ ಒತ್ತಿ ಜರುಗಿಸುತ್ತ ಹೋಗುವಾಗ, ಅದರಲ್ಲಿ ಸ್ಪೀಕರು ಕಂಡ ಸ್ಥಳವೇ ಮೊದಲ ಪ್ರತಿಫಲನದ ಸ್ಥಳ.

ಇನ್ನು ಸ್ಪೀಕರು ಎರಡೇ ಸಾಕೆಂಬ ಮಾತು. ಸಿನಿಮಾ ಎಂದೊಡನೆ ಸುತ್ತುವರಿದ ನಾದವನ್ನು ಬಯಸುವವರಿಗೆ ಇದು ಕೃಪಣತೆಯೆಂದು ತೋರಬಹುದು. ಆದರೆ ಎರಡು ಸ್ಪೀಕರುಗಳ ಸ್ಟೀರಿಯೊ ವಿಧಾನವೇ ಸಿನಿಮಾದ ಸಲುವಾಗಿ ಹುಟ್ಟಿದುದೆಂಬುದನ್ನು ಮರೆಯಲಾಗದು. ಇಂಗ್ಲೆಂಡಿನ ಇ.ಎಂ.ಐ. ಸಂಸ್ಥೆಯ ಎಂಜಿನಿಯರ್ ಅಲನ್ ಬ್ಲೂಮ್‌ಲೈನ್, ಪತ್ನಿಯೊಡನೆ ಚಿತ್ರಮಂದಿರದಲ್ಲಿ ಕುಳಿತಿದ್ದಾಗ ನಟನು ತೆರೆಯ ಒಂದಂಚಿನಲ್ಲಿದ್ದರೂ ಆತನ ಧ್ವನಿಯು ಬೇರೆಲ್ಲಿಂದಲೋ ಬರುವುದನ್ನು ಗಮನಿಸಿ, ನಟನನ್ನು ಧ್ವನಿಯು ಹಿಂಬಾಲಿಸುವಂತೆ ಮಾಡುವ ಉಪಾಯ ತನಗೆ ಹೊಳೆದಿದೆಯೆಂದು ಹೇಳಿದನೆಂದು ಪ್ರತೀತಿ. 1931ರ ಡಿಸೆಂಬರಿನಲ್ಲಿ ಆತನು ಸಲ್ಲಿಸಿದ ಪೇಟೆಂಟು, ಮನುಷ್ಯನಿಗಿರುವ ಎರಡು ಕಿವಿಗಳನ್ನು ಎರಡೇ ಸ್ಪೀಕರುಗಳಿಂದ ಒಪ್ಪಿಸಿ ಅವುಗಳ ನಡುವೆ ಇಡೀ ರಂಗವನ್ನು ಹರಡಬಹುದೆಂದು ಸಾಧಿಸಿತು. 1942ರಲ್ಲಿ, ರೇಡಾರಿನ ಪರೀಕ್ಷೆಗೆಂದು ಹಾರಿದ್ದ ಯುದ್ಧವಿಮಾನವು ಬಿದ್ದು, ಇನ್ನೂ ನಲವತ್ತು ತುಂಬದ ಆ ಮಹಾಪ್ರತಿಭೆ ಕಣ್ಮರೆಯಾದುದು ಶಬ್ದವಿಜ್ಞಾನದ ದೊಡ್ಡ ನಷ್ಟಗಳಲ್ಲೊಂದು.

ಐದು ಸ್ಪೀಕರುಗಳೂ ಒಂದು ಸಬ್‌ವೂಫರೂ ಸೇರಿದ 5.1 ಎಂಬ ಏರ್ಪಾಡು ಬಂದುದು ಬಹಳ ಈಚೆಗೆ. ನಮ್ಮ ದೇಶದಲ್ಲಿ ಸುಮಾರು ಎರಡು ವರ್ಷ ತಾಂತ್ರಿಕ ಸಲಹೆಗಾರನಾಗಿ ಕೆಲಸಮಾಡಿ ಹಿಂದಿರುಗಿದ ರೇ ಡಾಲ್ಬಿ 1965ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದ ಪ್ರಯೋಗಶಾಲೆಯು ಅದರ ಬೆಳವಣಿಗೆಗೆ ಪ್ರಧಾನ ಕಾರಣ. 1979ರ ‘ಅಪೊಕ್ಯಾಲಿಪ್ಸ್ ನೌ’ ಚಿತ್ರದಲ್ಲಿ ಹಿಂದಣ ಧ್ವನಿಯು ಎಡಬಲಗಳಾಗಿ ಒಡೆದುದೂ, 1992ರ ‘ಬ್ಯಾಟ್‌ಮ್ಯಾನ್ ರಿಟರ್ನ್ಸ್’ ಚಿತ್ರದೊಡನೆ ಅದು ಡಿಜಿಟಲ್ ರೂಪದಲ್ಲಿ ಹರಡಿದುದೂ ಅದರ ಮುಖ್ಯ ಘಟ್ಟಗಳು. ಚಿತ್ರಮಂದಿರಕ್ಕೆ ನಡುವಣ ಸ್ಪೀಕರು ಏಕೆ ಬೇಕಾಯಿತೆಂಬುದು ಮಾತ್ರ ತಿಳಿಯತಕ್ಕ ವಿಷಯ. ಒಂದೇ ಶಬ್ದವು ಎರಡು ಕಡೆಯಿಂದ ಬಂದಾಗ ಯಾವುದು ಮೊದಲು ಕಿವಿಯನ್ನು ಮುಟ್ಟಿತೋ ಅದರ ದಿಕ್ಕನ್ನೇ ಮನಸ್ಸು ನಿಜವೆಂದು ಅಂಗೀಕರಿಸುತ್ತದೆ. ಇದನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರ ತನ್ನ ಪ್ರಬಂಧದಲ್ಲಿ ಕೂಲಂಕಷವಾಗಿ ಪರೀಕ್ಷಿಸಿದನು. ಶಬ್ದವು ಒಂದು ಅಡಿಯನ್ನು ದಾಟಲು ಸೆಕೆಂಡಿನ ಸುಮಾರು ಸಾವಿರದಲ್ಲೊಂದು ಪಾಲು ಬೇಕು. ಒಂದು ಸ್ಪೀಕರಿಗೆ ಒಂದೇ ಅಡಿ ಹತ್ತಿರವಾಗಿ ಕುಳಿತವನಿಗೆ ನಾಯಕನ ಮಾತು ತೆರೆಯ ನಡುವನ್ನು ಬಿಟ್ಟು ಆ ಬದಿಗೆ ಜಾರಲು ಅಷ್ಟೇ ಸಾಕು. ನೂರಾರು ಜನ ಅಡ್ಡಲಾಗಿ ಕೂರುವ ಮಂದಿರಕ್ಕೆ ಈ ದೋಷವು ಅಸಹ್ಯ. ಮೂವರು ನಾಲ್ವರು ಒಂದು ಸೋಫಾದಲ್ಲಿ ಕೂರುವ ಮನೆಗೆ ಸಹ್ಯ.

ಎರಡು ಸ್ಪೀಕರುಗಳಿದ್ದೂ ಮಾತು ಕ್ಷೀಣವೆಂದು ದೂರುವ ಮನೆಗಳಲ್ಲಿ ಅನೇಕ ಸಲ ದೋಷವಿರುವುದು ಟಿ.ವಿ.ಯ ಸೆಟ್ಟಿಂಗಿನಲ್ಲಿ. ಚಿತ್ರದ ಸಂಭಾಷಣೆಯ ಬಹುಭಾಗ ನಡುವಣ ಸ್ಪೀಕರಿಗೆಂದು ಮೀಸಲಾದ ಧ್ವನಿಪಥದಲ್ಲಿ ಅಡಗಿರುತ್ತದೆ. ಸ್ಪೀಕರು ಎರಡೇ ಇದ್ದು ಯಂತ್ರವು ಆರು ಪಥಗಳನ್ನು ಕಳುಹಿಸುತ್ತಿದ್ದರೆ ಸಂಭಾಷಣೆಯು ಎಲ್ಲಿಯೂ ನುಡಿಯದೆ ಹೋಗಬಹುದು. ಸ್ಟೀರಿಯೊ ಅಥವಾ ಪಿ.ಸಿ.ಎಂ. ಎಂಬುದನ್ನು ಆರಿಸಿದೊಡನೆ ನಡುವಣ ಮಾತು ಎರಡಕ್ಕೂ ಸಮನಾಗಿ ಹಂಚಿಕೆಯಾಗುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ.

ಪೆಟ್ಟಿಗೆಯ ಗಾತ್ರದ ವಿಷಯದಲ್ಲಿ ಪ್ರಕೃತಿಯು ರಿಯಾಯಿತಿ ತೋರುವುದಿಲ್ಲ. ಆಳವಾದ ಮಂದ್ರ, ಚಿಕ್ಕ ಪೆಟ್ಟಿಗೆ, ಕಡಿಮೆ ವಿದ್ಯುತ್ತಿಗೆ ಹೆಚ್ಚು ಧ್ವನಿ, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದೆಂಬುದು ಜೋಸೆಫ್ ಆಂಟನ್ ಹಾಫ್‌ಮನ್ ಎಂಬ ಎಂಜಿನಿಯರನ ಹೆಸರಿನಲ್ಲಿ ನಿಂತಿರುವ ನಿಯಮ. ಅಂಗೈಯಗಲದ ಸ್ಪೀಕರಿನಿಂದ ಗಂಭೀರನಾದವು ಹೊಮ್ಮುವುದೆಂದು ಜಾಹೀರಾತು ಎಷ್ಟು ಸಾರಿದರೂ ಈ ನಿಯಮವು ಸಡಿಲದು. ತಗ್ಗಿನ ಸ್ವರಗಳನ್ನು ನುಡಿಸುವ ವೂಫರು ಐದೂವರೆ, ಆರು ಅಂಗುಲದ್ದಾಗಿರುವ, ಎತ್ತಿದರೆ ಕೈಗೆ ಭಾರವೆನಿಸುವ ಪೆಟ್ಟಿಗೆಯನ್ನೇ ಆರಿಸಬೇಕು. ವಾಟುಗಳ ವಿಚಾರದಲ್ಲಂತೂ ನಮ್ಮ ಪೇಟೆಯು ಗ್ರಾಹಕನಿಗೆ ಮಾಡಿರುವ ಅನ್ಯಾಯವು ಸಣ್ಣದಲ್ಲ. ಪಿ.ಎಂ.ಪಿ.ಒ. ಎಂಬ ಹೆಸರಿನಲ್ಲಿ ಪೆಟ್ಟಿಗೆಯ ಮೇಲೆ 2,000 ಎಂದೋ 5,000 ಎಂದೋ ಮುದ್ರಿಸುವ ಸಂಖ್ಯೆಗೆ ಯಾವ ಮಾನ್ಯ ಅಳತೆಯ ಆಧಾರವೂ ಇಲ್ಲ; ಹಿಂಬದಿಯ ಫಲಕದಲ್ಲಿ ಅದು ಸೇವಿಸುವ ವಿದ್ಯುತ್ತು 60 ವಾಟ್ ಎಂದಿದ್ದರೆ, ಸೇವಿಸಿದುದಕ್ಕಿಂತ ಹೆಚ್ಚನ್ನು ಅದು ನಿರಂತರವಾಗಿ ಹೊರಗೆಡವಲಾರದು. ನೋಡಬೇಕಾದುದು ನಿರಂತರವಾಗಿ ಕೊಡಬಲ್ಲ ವಾಟುಗಳನ್ನು ತಿಳಿಸುವ ಆರ್.ಎಂ.ಎಸ್. ಸಂಖ್ಯೆ, ಮತ್ತು ಒಂದು ವಾಟಿಗೆ ಒಂದು ಮೀಟರಿನಲ್ಲಿ ಸ್ಪೀಕರು ಎಷ್ಟು ಡೆಸಿಬೆಲ್ ಕೊಡುತ್ತದೆಂಬ ಸಂಖ್ಯೆ. 87 ಡೆಸಿಬೆಲ್ಲಿನ ಒಂದು ಜೋಡಿಗೆ ಒಂದೊಂದು ವಾಟ್ ಕೊಟ್ಟರೂ ಹತ್ತಡಿ ದೂರದಲ್ಲಿ ಕುಳಿತವನಿಗೆ ಸಾಮಾನ್ಯ ಸಂಭಾಷಣೆಗಿಂತ ಗಟ್ಟಿಯಾಗಿಯೇ ಮಾತು ಕೇಳುತ್ತದೆ. 20 ಅಥವಾ 30 ನಿಜವಾದ ವಾಟುಗಳು ಗುಡುಗು ಸಿಡಿಲುಗಳ ಮೀಸಲಿಗೆ ಸಾಕು. ವಾಟುಗಳು ಇಮ್ಮಡಿಯಾದರೆ ಹೆಚ್ಚುವುದು ಮೂರೇ ಡೆಸಿಬೆಲ್.

20,000ದ ಗೃಹಸ್ಥನಿಗೆ ನಾನು ಸೂಚಿಸುವ ಮಾರ್ಗ ಎರಡು. ಹೊಸದೇ ಬೇಕೆಂದರೆ ಆಂಪ್ಲಿಫೈಯರು ಒಳಗೇ ಅಡಕವಾಗಿರುವ ಒಂದು ಜೋಡಿ ಸ್ಪೀಕರು, ಟಿ.ವಿ.ಯಿಂದ ಒಂದು ಆಪ್ಟಿಕಲ್ ಕೇಬಲ್ ಎಳೆದರೆ ಕೆಲಸ ಮುಗಿಯಿತು. ಹಳೆಯದನ್ನು ಒಪ್ಪುವವನಿಗೆ ಭಾಗ್ಯ ಇನ್ನೂ ಹೆಚ್ಚಿನದು. ಹೊಸ ಬಗೆಯ ಎಚ್.ಡಿ.ಎಂ.ಐ. ಸಂಪರ್ಕವಿಲ್ಲವೆಂಬ ಒಂದೇ ಕಾರಣಕ್ಕೆ ಜನರು ಹಳೆಯ ರಿಸೀವರುಗಳನ್ನು ಅಗ್ಗವಾಗಿ ಮಾರಿಬಿಡುತ್ತಾರೆ; ಅವುಗಳ ಆಂಪ್ಲಿಫೈಯರಾದರೋ ಗಟ್ಟಿಮುಟ್ಟು, ಚಿತ್ರವನ್ನು ನೇರವಾಗಿ ಟಿ.ವಿ.ಗೂ ಧ್ವನಿಯನ್ನು ಆಪ್ಟಿಕಲ್ ಕೇಬಲಿನ ಮೂಲಕ ರಿಸೀವರಿಗೂ ಕೊಟ್ಟರೆ ಡಾಲ್ಬಿ ಡಿಜಿಟಲ್ಲಿನ ಆರೂ ಪಥಗಳು ಬರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಯಲ್ಲಿ ಹಳೆಯ ಸ್ಪೀಕರನ್ನು ಕೊಳ್ಳುವಾಗ ವೂಫರಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಬೇಕು: ಫೋಮಿನದಾದರೆ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ, ರಬ್ಬರಿನದು ಬಹುಕಾಲ ಬಾಳುತ್ತದೆ. ದುಬಾರಿ ಸ್ಪೀಕರ್ ತಂತಿಗೆ ಹಣ ಸುರಿಯಬೇಕಾಗಿಲ್ಲ. ಮನೆಯ ವೈರಿಂಗಿಗೆ ಬಳಸುವ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ ಧಾರಾಳವಾಗಿ ಸಾಲುತ್ತದೆ. ಕೆಂಪು ಕಪ್ಪುಗಳು ಎರಡು ಕಡೆಯೂ ಒಂದೇ ಕ್ರಮದಲ್ಲಿರಲಿ. ಒಂದು ಬದಿಯಲ್ಲಿ ಅದಲುಬದಲಾದರೆ ಮಂದ್ರವು ಮಾಯವಾಗುತ್ತದೆ.

ತಂದ ಸ್ಪೀಕರುಗಳನ್ನು ತಾರಸಿಯ ಮೂಲೆಗೆ ಮೊಳೆ ಹೊಡೆದು ತೂಗುಹಾಕುವ ಅಥವಾ ಷೋಕೇಸಿನ ಗೂಡಿನೊಳಗೆ ಗೊಂಬೆಗಳ ನಡುವೆ ತುರುಕುವ ನಮ್ಮ ಅಭ್ಯಾಸವು ಬಿಡಲೇಬೇಕಾದುದು. ಎರಡು ಸ್ಪೀಕರುಗಳೂ ಆಸನವೂ ಸಮಬಾಹು ತ್ರಿಕೋಣದ ಮೂರು ತುದಿಗಳಾಗುವಂತೆ, ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರು ಕುಳಿತವನ ಕಿವಿಯ ಎತ್ತರಕ್ಕೆ ಬರುವಂತೆ, ಬೆನ್ನಿನ ಗೋಡೆಯಿಂದ ಒಂದಷ್ಟು ಮುಂದಕ್ಕೆ ನಿಲ್ಲಿಸಿದರೆ, ಅದೇ ಸ್ಪೀಕರು ಬೇರೊಂದರಂತೆ ನುಡಿಯುತ್ತದೆ.

ಮುಂದಿನ ವರ್ಷ ಮತ್ತಷ್ಟು ಹಣ ಒದಗಿದಾಗ ಮೊದಲು ಸೇರತಕ್ಕದ್ದು ಸಬ್‌ವೂಫರ್. 80 ಹರ್ಟ್ಸಿನ ಕೆಳಗಿನ ಸ್ವರಗಳನ್ನು ಅದಕ್ಕೆ ಒಪ್ಪಿಸಿದರೆ ಮುಂದಣ ಎರಡು ಸ್ಪೀಕರುಗಳ ಭಾರ ಇಳಿದು ಮಾತು ಇನ್ನೂ ತಿಳಿಯಾಗುತ್ತದೆ. ಆದರೆ 16 ಅಡಿಯ ಕೊಠಡಿಯು ತನ್ನ ಉದ್ದದ ಕಾರಣದಿಂದಲೇ 35 ಹರ್ಟ್ಸಿನ ಸುತ್ತಲಿನ ಸ್ವರವನ್ನು ಕೆಲವು ಕಡೆ ಉಬ್ಬಿಸಿ ಕೆಲವು ಕಡೆ ಅಡಗಿಸುವುದರಿಂದ, ಸಬ್‌ವೂಫರನ್ನಿಡುವ ಸ್ಥಳವನ್ನು ಹುಡುಕಲು ಒಂದು ಉಪಾಯ ಮಾಡಬೇಕಾಗುತ್ತದೆ: ಸಬ್‌ವೂಫರನ್ನು ತಾತ್ಕಾಲಿಕವಾಗಿ ನಾವು ಕೂರುವ ಆಸನದ ಮೇಲಿಟ್ಟು, ಮಂದ್ರವು ತುಂಬಿದ ಒಂದು ಹಾಡನ್ನು ನುಡಿಸಿ, ಗೋಡೆಯ ಬದಿಯಲ್ಲಿ ಮೊಣಕಾಲೂರಿ ಸರಿಯುತ್ತ ಕೇಳಿದರೆ, ಸ್ವರವು ಎಲ್ಲಿ ಸಮವಾಗಿ ಕೇಳುತ್ತದೋ ಅದೇ ಅದರ ನೆಲೆ. ಮಹಡಿಮನೆಗಳಲ್ಲಿ ಅದರ ಕೆಳಗೆ ದಪ್ಪ ರಬ್ಬರಿನ ಹಾಸು ಇರಲಿ. ಆದರೂ ಆ ಆಳದ ಸ್ವರವು ಇಟ್ಟಿಗೆಯ ಗೋಡೆಯನ್ನೂ ಹಾದುಹೋಗುವುದರಿಂದ ರಾತ್ರಿ ಹತ್ತರ ಮೇಲೆ ತಗ್ಗಿಸತಕ್ಕದ್ದು. ನಡುವಣ ಸ್ಪೀಕರು ಅದರ ತರುವಾಯ, ಅದೂ ಮುಂದಣ ಜೋಡಿಯ ತಯಾರಕರದೇ ಆಗಿ ಅದೇ ಕಂಠದ್ದಾಗಿರಬೇಕು. ಹಿಂದಣ ಜೋಡಿಯು ಎಲ್ಲಕ್ಕೂ ಕಡೆಗೆ. ಆಸನದ ಎರಡು ಪಕ್ಕಗಳಲ್ಲಿ, ಕಿವಿಗಿಂತ ಒಂದೆರಡು ಅಡಿ ಎತ್ತರದಲ್ಲಿ, ಸ್ವಲ್ಪ ಹಿಂದಕ್ಕೆ ಸರಿದಂತೆ ಅವನ್ನು ನಿಲ್ಲಿಸಬೇಕು. ಅವುಗಳ ಪಾಲಿಗೆ ಬರುವುದು ಬಹುಮಟ್ಟಿಗೆ ಮಳೆ, ಗಾಳಿ, ಜನಸಂದಣಿಗಳ ಸದ್ದಾದುದರಿಂದ ಮನೆಯಲ್ಲಿರುವ ಹಳೆಯ ಪುಟ್ಟ ಸ್ಪೀಕರುಗಳೇ ಆ ಕೆಲಸಕ್ಕೆ ಸಾಲುತ್ತವೆ.