ಕಾರಣ ಸಿಕ್ಕಿತು, ಮಗುವಿಗೆ ನಡಿಗೆ ಸಿಗಲಿಲ್ಲ

ಒಂದು ಊರಿನ ಹೆಸರನ್ನ ಕಾಯಿಲೆಗೆ ಇಟ್ಟರೆ ಆ ಊರಿನವರ ಗತಿ ಏನಾಗುತ್ತೆ? ಸಾಗರ ತಾಲ್ಲೂಕಿನ ಹಂದಿಗೋಡಿನವರನ್ನ ಕೇಳಿ. 1970ರ ದಶಕದ ಮಧ್ಯದಲ್ಲಿ, ಸೊಂಟ ಮಂಡಿ ಹಿಡಿದುಕೊಂಡು ನೆಲ ಹಿಡಿದವರು ಅಲ್ಲಿಯ ದಲಿತ ಕೇರಿಯಲ್ಲಿ ಸರ್ಕಾರದ ಕಣ್ಣಿಗೆ ಬಿದ್ದರು. ಅವತ್ತಿನಿಂದ ಸಾಗರವಾಗಲಿ, ಹೊಸನಗರವಾಗಲಿ, ತೀರ್ಥಹಳ್ಳಿಯಾಗಲಿ, ಎಲ್ಲಿ ಕಾಣಿಸಿದರೂ ಅದು 'ಹಂದಿಗೋಡು ಕಾಯಿಲೆ'. ಅದಕ್ಕೆ ಸಿಕ್ಕಿದವರು ಹೆಚ್ಚಾಗಿ ಚಲವಾದಿಗಳು, ಚನ್ನಂಗಿಗಳು. ಒಡೆಯರ ಗದ್ದೆ ನಾಟಿ ಮಾಡಿದವರು, ತೋಟದಲ್ಲಿ ಅಡಿಕೆ ಹೊತ್ತವರು. ಬೆನ್ನು ಬಗ್ಗಿಸಿ ದುಡಿದವರ ಬೆನ್ನೇ ಹೋಯಿತು.

ಆಮೇಲೆ ಬಂದರು ನೋಡಿ, ಜೀಪುಗಳಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1977ರಲ್ಲೇ ಇದನ್ನು ಮಲೆನಾಡಿನ ಕುಟುಂಬಗಳಲ್ಲಿ ಬರುವ ಸಂಧಿರೋಗ ಅಂತ ಬರೆದು ಪ್ರಕಟಿಸಿದರು. ಗದ್ದೆಗೆ ಹೊಡೆದ ಔಷಧಿ ಏಡಿಯೊಳಗೆ ಸೇರಿ ಬಡವರ ಹೊಟ್ಟೆಗೆ ಬಂತು ಎನ್ನುವ ಅನುಮಾನವೂ ಎದ್ದಿತ್ತು. 1990ರ ದಶಕದ ಅಧ್ಯಯನಗಳು ಇದು ಅನುವಂಶಿಕ ಅಂದವು. ತೊಡೆಮೂಳೆಯ ತಲೆ ಸೊಂಟದ ಬಟ್ಟಲಲ್ಲಿ ಸವೆದು ಚಪ್ಪಟೆಯಾಗುತ್ತೆ. ಕೆಲವರಲ್ಲಿ ಬೆನ್ನಿನ ಮಣಿಗಳೂ ಕೆಡುತ್ತವೆ, ಬೆಳವಣಿಗೆ ನಿಂತು ಕುಳ್ಳಗಾಗುತ್ತಾರೆ. ನಡಿಗೆ ಮೊದಲು ಓಲಾಡುತ್ತೆ, ಆಮೇಲೆ ಕೋಲು, ಕೊನೆಗೆ ಕೈ ಊರಿ ತೆವಳೋದು. ಬುದ್ಧಿಗೆ ಏನೂ ಆಗುವುದಿಲ್ಲ. ತೆವಳುವ ಮಗುವಿಗೆ ತಾನು ತೆವಳುತ್ತಿದ್ದೇನೆ ಅನ್ನೋದು ಚೆನ್ನಾಗಿ ಗೊತ್ತಿರುತ್ತೆ.

ಅನುವಂಶಿಕ ಅಂದದ್ದೇ ತಡ, ಊರ ಜಗುಲಿಯ ಮೇಲೆ ಕೂತ ಪಂಡಿತರು ತೀರ್ಪು ಕೊಟ್ಟುಬಿಟ್ಟರು: 'ಅವರವರಲ್ಲೇ ಮದುವೆ ಆಗ್ತಾರೆ, ಅದಕ್ಕೇ ಬಂತು.' ಇದು ಸುಳ್ಳು. ತಾಯಿ ತಂದೆ ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ಸಾಕು, ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇಬ್ಬರೂ ಒಂದೇ ಸಂಬಂಧದವರಾಗಬೇಕಿಲ್ಲ. ಇನ್ನು ಜಾತಿಯೊಳಗೇ ಮದುವೆ ಆಗದವರು ಈ ದೇಶದಲ್ಲಿ ಯಾರಿದ್ದಾರೆ ಸ್ವಾಮಿ? ಬೇಲಿ ಹಾಕಿದವರು ಬೇರೆ, ಬೇಲಿಯೊಳಗೆ ಸಿಕ್ಕಿದ್ದಕ್ಕೆ ಬೈಸಿಕೊಳ್ಳೋರು ನಾವು.

ಆದರೆ ನಾವು ಇವತ್ತು ಹೇಳಬೇಕಾದ್ದು ಬೇರೆ. 'ಎಲ್ಲಿಂದ ಬಂತು' ಅನ್ನೋ ಪ್ರಶ್ನೆಗೆ ದಶಕಗಟ್ಟಲೆ ರಕ್ತ ಕೊಟ್ಟೆವು, ಎಕ್ಸ್‌ರೇ ಯಂತ್ರದ ಮುಂದೆ ನಿಂತೆವು. 'ಈ ಮಗು ನಾಳೆ ಹೇಗೆ ನಡೀಬೇಕು, ಹೇಗೆ ಶಾಲೆಗೆ ಹೋಗಬೇಕು' ಅನ್ನೋ ಪ್ರಶ್ನೆ ಹೊತ್ತುಕೊಂಡು ಎಷ್ಟು ಜೀಪು ಬಂದವು?

ವಾಸಿಯಾಗದ ಕಾಯಿಲೆಗೆ ಯಾಕೆ ದುಡ್ಡು ಸುರೀಬೇಕು ಅಂತ ಕೇಳುವವರಿದ್ದಾರೆ. ಅವರು ಅಡಿಕೆ ಮರದಿಂದ ಬಿದ್ದ ಕೊನೆಗಾರನನ್ನ ನೆನೆಸಿಕೊಳ್ಳಲಿ. ಬೆನ್ನುಹುರಿಗೆ ಪೆಟ್ಟಾದರೆ ಆಪರೇಷನ್ ಅನ್ನೋದು ಒಂದು ದಿನದ ಕೆಲಸ. ಆಪರೇಷನ್ ಆದ ಮಾತ್ರಕ್ಕೆ ಕಡಿದ ಹುರಿ ಕೂಡಿಕೊಳ್ಳುವುದಿಲ್ಲ. ಬದುಕು ಉಳಿಯುವುದು ಆಮೇಲಿನ ತಿಂಗಳುಗಳಲ್ಲಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಣ್ಣಾಗುತ್ತೆ, ಕೀಲು ಆಡಿಸದಿದ್ದರೆ ಬಿಗಿದುಕೊಳ್ಳುತ್ತೆ, ಮೂತ್ರ ತೆಗೆಯೋದು ಕಲಿಸದಿದ್ದರೆ ಕಿಡ್ನಿ ಹೋಗುತ್ತೆ. ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಎರಡೂ ಕಾಲಿನ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲೇ ಪುನರ್ವಸತಿ ಕೇಂದ್ರ ಶುರುಮಾಡಿದರು. ಅವರ ಕಾಲು ವಾಸಿಯಾಗಲಿಲ್ಲ, ಆದರೆ ಅವರು ಮೂಲೆ ಸೇರಲಿಲ್ಲ. ಪುನರ್ವಸತಿ ಅಂದರೆ ಇದು.

ಹಂದಿಗೋಡು ಕಾಯಿಲೆಯ ಮಗುವಿಗೆ ಇದು ಇನ್ನೂ ಹೆಚ್ಚು ಬೇಕು. ದೊಡ್ಡವರಿಗಾದರೆ ಸವೆದ ಸೊಂಟಕ್ಕೆ ಕೃತಕ ಕೀಲು ಹಾಕುವ ದಾರಿಯಿದೆ. ಬೆಳೆಯುವ ಮೂಳೆಗೆ ವೈದ್ಯರು ಸಾಮಾನ್ಯವಾಗಿ ಅದನ್ನ ಮುಂದೂಡುತ್ತಾರೆ. ಅಲ್ಲಿಯ ತನಕ ಕೀಲು ಬಿಗಿಯದಂತೆ, ಸ್ನಾಯು ಸೊರಗದಂತೆ ಕಾಪಾಡೋದು ವ್ಯಾಯಾಮವೇ. ಸರಿಯಾದ ಎತ್ತರದ ಊರುಗೋಲು, ಮಂಡಿ ಮಡಿಸದೆ ಕೂರುವ ಕಕ್ಕಸು, ಹೊಸ್ತಿಲಿಗೊಂದು ಇಳಿಜಾರು. ಇವಕ್ಕೆ ವಿಜ್ಞಾನಿ ಬೇಡ. ವ್ಯಾಯಾಮ ಕಲಿಸೋಕೆ ಫಿಸಿಯೋಥೆರಪಿ ಕಲಿತ ಒಬ್ಬರು, ಗೋಡೆಗೆ ಹಿಡಿಕೆ ಹಾಕೋಕೆ ಒಬ್ಬ ಬಡಗಿ ಸಾಕು.

ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ, ಮೆಡಿಕಲ್ ಕಾಲೇಜಿದೆ, ನಿಜ. ಈ ತಾಲ್ಲೂಕುಗಳ ಪೇಟೆಗಳಿಂದಲೇ ಅದು 60-70 ಕಿಲೋಮೀಟರು. ಪೇಟೆಗೆ ಬರೋಕೆ ಮೊದಲು ಕೇರಿಯಿಂದ ಬಸ್ಸಿನ ರಸ್ತೆಗೆ ಬರಬೇಕು. ಮಲೆನಾಡಿನ ಮಳೆಗಾಲದಲ್ಲಿ, ಏರುದಾರಿಯಲ್ಲಿ, ಹತ್ತು ವರ್ಷದ ಮಗುವನ್ನ ಹೊತ್ತುಕೊಂಡು ತಾಯಿ ಬರಬೇಕು. ಅವತ್ತಿನ ಕೂಲಿ ಹೋಯಿತು. ವಾರಕ್ಕೆ ಮೂರು ಸಲ ವ್ಯಾಯಾಮಕ್ಕೆ ಕರ್ಕೊಂಡು ಬಾ ಅಂದರೆ ಅವಳು ಯಾವ ಅನ್ನ ಉಣ್ಣಬೇಕು? ಬರದೇ ಇದ್ದರೆ 'ಇವರಿಗೆ ಕಾಳಜಿ ಇಲ್ಲ' ಅಂತ ಷರಾ.

ಕಾನೂನು ನಮ್ಮ ಕಡೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಚಲನೆಯ ಅಂಗವೈಕಲ್ಯವೂ ಇದೆ, ಕುಬ್ಜತೆಯೂ ಇದೆ. ಶೇಕಡಾ 40 ಅಥವಾ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣ ಹಕ್ಕು. ಪಂಚಾಯ್ತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ವ್ಯವಸ್ಥೆಯಿದೆ. ಆದರೆ ಅವರ ಕೈಗೆ ಅರ್ಜಿ ಫಾರಂ ಬಂದರೆ ಸಾಲದು. ಕೀಲು ಆಡಿಸುವ ವಿದ್ಯೆಯೂ ಬರಬೇಕು.

ಅದಕ್ಕೇ ನಾವು ಕೇಳೋದು ಇಷ್ಟು. ಫಿಸಿಯೋಥೆರಪಿಯವರು ನಿಗದಿಯಾದ ದಿನ ಕೇರಿಗೇ ಬರಲಿ, ತಾಯಂದಿರಿಗೆ, ಪುನರ್ವಸತಿ ಕಾರ್ಯಕರ್ತರಿಗೆ ಕಲಿಸಿಕೊಡಲಿ. ವೈಕಲ್ಯದ ಸರ್ಟಿಫಿಕೇಟು ತಾಲ್ಲೂಕಿನಲ್ಲೇ ಸಿಗಲಿ. ಮನೆ ಕಟ್ಟಿಸಿಕೊಡುವಾಗ ಕಕ್ಕಸು, ಮೆಟ್ಟಿಲು ಈ ಮಕ್ಕಳ ಅಳತೆಗೆ ಇರಲಿ. ನಮ್ಮ ರಕ್ತದಿಂದ ಕಂಡುಹಿಡಿದದ್ದನ್ನ ನಮಗೆ ಕನ್ನಡದಲ್ಲಿ ಹೇಳಲಿ, ಮದುವೆಗೆ ಮುಂಚೆ ಹೇಳಲಿ, ಹೆದರಿಸದೆ ಹೇಳಲಿ.

ಬಂಧುಗಳೇ, ಮುಂದಿನ ಸಲ ಜೀಪು ಬಂದಾಗ ತೋಳು ಚಾಚೋದಕ್ಕೆ ಮುಂಚೆ ಒಂದು ಮಾತು ಕೇಳಿ: 'ರಕ್ತ ಕೊಡ್ತೀವಿ. ಊರುಗೋಲು ತಂದಿದ್ದೀರಾ?'